ಜೂನ್ ಮೂವತ್ತೊಂದು

ಆಫೀಸಿನಲ್ಲಿ ಅವಳಿಗೆ ಭೂತಗನ್ನಡಿ ಎಂದು ಹೆಸರು. ಬೆನ್ನ ಹಿಂದೆ ಹಾಗೆ ಕರೆಯುತ್ತಾರೆಂದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಹೊರದೇಶದಿಂದ ತಿನ್ನುವ ಪದಾರ್ಥ ತರಿಸಿ ಮಾರುವ ಕಂಪನಿ ಅದು. ಅಲ್ಲಿನ ಕಾರ್ಖಾನೆಯವರು ಚೊಕ್ಕಟವಾಗಿ, ಯಾರಿಗೂ ಅಪಾಯವಾಗದಂತೆ ಮಾಡುತ್ತಿದ್ದಾರೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ಸಮುದ್ರದಾಚೆಯ ಕಾರ್ಖಾನೆಯನ್ನು ಇಲ್ಲಿ ಕೂತು ಹೇಗೆ ನೋಡುತ್ತಾಳೆ ಎಂದು ಕೇಳಬೇಡಿ. ಕಾಗದದಲ್ಲಿ ನೋಡುತ್ತಾಳೆ. ಅವರು ಬರೆದು ಕಳಿಸುತ್ತಾರೆ, ಇವಳು ಓದಿ ಹಸಿರು ಶಾಯಿಯಲ್ಲಿ ‘ಪರಿಶೀಲಿಸಿದೆ’ ಎಂದು ಸಹಿ ಹಾಕುತ್ತಾಳೆ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಇಷ್ಟು ವರ್ಷದಲ್ಲಿ ಅವಳು ಕಾರ್ಖಾನೆ ಎಂಬುದರೊಳಗೆ ಕಾಲಿಟ್ಟದ್ದು ಒಂದೇ ಸಲ, ಅದೂ ಬಿಸ್ಕತ್ತಿನದು, ಮಗಳ ಶಾಲೆಯ ಪ್ರವಾಸದ ಜೊತೆ ಹೋದಾಗ.

ಅಂದು ಸರ್ಕಾರದ ಇನ್ಸ್‌ಪೆಕ್ಟರು ಬರುವ ದಿನ. ಅವರು ಡಬ್ಬಿ ತೆರೆಯುವವರಲ್ಲ, ಫೈಲು ತೆರೆಯುವವರು. ಕಾರ್ಖಾನೆಯನ್ನು ಇವಳು ಸರಿಯಾಗಿ ಪರೀಕ್ಷಿಸಿದ್ದಾಳೆಯೇ ಎಂದು ಪರೀಕ್ಷಿಸುವುದು ಅವರ ಕೆಲಸ. ಅವರನ್ನು ಪರೀಕ್ಷಿಸಲು ಮೇಲೆ ಇನ್ನೊಬ್ಬರು ಇದ್ದಾರಂತೆ, ಅವರೂ ಫೈಲೇ ನೋಡುತ್ತಾರಂತೆ. ಒಟ್ಟಿನಲ್ಲಿ ಡಬ್ಬಿಯ ಮುಚ್ಚಳ ತೆಗೆಯುವ ಧೈರ್ಯ ಈ ಸಾಲಿನಲ್ಲಿ ತಿನ್ನುವವರಿಗೆ ಮಾತ್ರ.

ಇನ್ಸ್‌ಪೆಕ್ಟರು ಕೇಳಿದ್ದು ಸೂರ್ಯಕಾಂತಿ ಬೀಜದ ಪೇಸ್ಟಿನ ಫೈಲು. ಕಡಲೆಕಾಯಿ ಮೈಗಾಗದ ಮಕ್ಕಳಿಗೆಂದೇ ತರಿಸುವ ಪೇಸ್ಟು ಅದು. ತೊಂದರೆಯೆಂದರೆ ಆ ಕಾರ್ಖಾನೆಯಲ್ಲಿ ಕಡಲೆಕಾಯಿ ರುಬ್ಬುವುದೂ ಅದೇ ಮೆಷಿನ್ನಿನಲ್ಲಿ. ಅದಕ್ಕೇ ಪ್ರತಿದಿನ ಮೆಷಿನ್ನು ತೊಳೆದು, ಒರೆಸಿ, ಕಡಲೆಕಾಯಿಯ ಅಂಶ ಉಳಿದಿಲ್ಲವೆಂದು ಪರೀಕ್ಷೆ ಮಾಡಿ ಬರೆದಿಡಬೇಕು. ತಿಂಗಳಿಗೊಂದು ಹಾಳೆ, ಹಾಳೆಗೆ ಮೂವತ್ತೊಂದು ಸಾಲು. ಹಾಳೆಯ ಕೆಳಗೆ ಇವಳ ಹಸಿರು ಸಹಿ.

“ಅಬ್ಬಬ್ಬಾ! ಒಂದು ದಿನಾನೂ ತಪ್ಪಿಸಿಲ್ಲ ನೋಡಿ,” ಎಂದು ಇನ್ಸ್‌ಪೆಕ್ಟರು ಜೂನ್ ತಿಂಗಳ ಹಾಳೆಯ ಮೇಲೆ ಮೇಲಿಂದ ಕೆಳಗೆ ಬೆರಳಾಡಿಸಿದರು. “ಎಲ್ಲಾ ಕಂಪನೀಲೂ ನಿಮ್ಮಂಥವ್ರು ಒಬ್ರು ಇದ್ರೆ ನಾನು ಮನೇಲೇ ಇರ್ಬೋದಿತ್ತು.”

ಬೆರಳು ನಿಂತದ್ದು ಕೊನೆಯ ಸಾಲಿನ ಮೇಲೆ. ‘ಜೂನ್ ೩೧. ತೊಳೆಯಲಾಗಿದೆ. ಪರೀಕ್ಷಿಸಲಾಗಿದೆ. ಕಡಲೆಕಾಯಿ ಅಂಶ ಇಲ್ಲ.’

ಅವಳು ಮೇಜಿನ ಕೆಳಗೆ ಕೈ ಇಟ್ಟುಕೊಂಡು, ಶಾಲೆ ಮಕ್ಕಳ ಹಾಗೆ ಬೆರಳಿನ ಗೆಣ್ಣುಗಳ ಮೇಲೆ ತಿಂಗಳು ಎಣಿಸಿದಳು. ಎರಡು ಸಲ ಎಣಿಸಿದರೂ ಜೂನ್‌ಗೆ ಮೂವತ್ತೇ. ಇನ್ಸ್‌ಪೆಕ್ಟರು ಮಾತ್ರ ತೃಪ್ತಿಯಿಂದ ಹಾಳೆ ಮಗುಚಿ, ಟೀ ಕುಡಿದು, ‘ಅತ್ಯುತ್ತಮ’ ಎಂದು ಬರೆದು ಹೊರಟರು. ಅವರ ಬೆನ್ನು ಬಾಗಿಲು ದಾಟಿದ್ದೇ ತಡ, ಅವಳು ಫೆಬ್ರವರಿಯ ಹಾಳೆ ತೆಗೆದಳು. ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು. ಮೂರೂ ದಿನ ಮೆಷಿನ್ನು ಫಳಫಳ. ಕೆಳಗೆ ಹಸಿರು ಸಹಿ.

ಫೈಲನ್ನು ಎದೆಗವಚಿಕೊಂಡು ಕಂಪನಿಯ ಯಜಮಾನರ ಕೋಣೆಗೆ ಓಡಿದಳು. ಅವರು ಕನ್ನಡಕ ಏರಿಸಿ ನೋಡಿ, ನಕ್ಕೇಬಿಟ್ಟರು. “ಒಂದಿನ ಜಾಸ್ತಿನೇ ತೊಳ್ದಿದಾರಲ್ಲಮ್ಮ! ಕಮ್ಮಿ ತೊಳ್ದಿದ್ರೆ ಕೇಳ್ಬೇಕಿತ್ತು. ಅವರಿಗೊಂದು ಈಮೇಲ್ ಹಾಕು, ಉತ್ತರ ಬಂದ್ಮೇಲೆ ಫೈಲಿಗೆ ಸೇರಿಸು.”

ಈಮೇಲ್ ಹಾಕಿದಳು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಅಲ್ಲಿನ ಗುಮಾಸ್ತ ಬಲು ವಿನಯವಂತ.

‘ಮಾನ್ಯ ಮೇಡಂ, ಎರಡು ವರ್ಷದ ಹಿಂದೆ ನಮ್ಮ ಏಪ್ರಿಲ್ ಹಾಳೆಯನ್ನು ತಾವು ವಾಪಸು ಕಳಿಸಿದ್ದಿರಿ. ಕೊನೆಯ ಸಾಲು ಖಾಲಿ ಇದೆ, ಖಾಲಿ ಸಾಲಿರುವ ಹಾಳೆಯನ್ನು ಒಪ್ಪುವುದಿಲ್ಲ ಎಂದು ಬರೆದಿದ್ದಿರಿ. ಅಂದಿನಿಂದ ಒಂದು ಸಾಲನ್ನೂ ಖಾಲಿ ಬಿಟ್ಟಿಲ್ಲ. ತಮ್ಮ ಮಾರ್ಗದರ್ಶನಕ್ಕೆ ಚಿರಋಣಿ.’

ಜೊತೆಗೆ ಅವಳದೇ ಪತ್ರದ ನಕಲು. ಹಸಿರು ಶಾಯಿ, ಖಾಲಿ ಎಂಬ ಪದದ ಕೆಳಗೆ ಎರಡು ಗೆರೆ.

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಏಪ್ರಿಲ್‌ಗೆ ಮೂವತ್ತು ದಿನ ಎಂದು ಅವತ್ತು ತನಗೇಕೆ ಹೊಳೆಯಲಿಲ್ಲ? ಸಾಲು ನೋಡಿದಳು, ಟಿಕ್ಕು ನೋಡಿದಳು, ರುಜು ನೋಡಿದಳು, ತಾರೀಕು ನೋಡಲಿಲ್ಲ. ಪಾಪ, ಅವರು ಹೇಳಿದಂತೆ ಕೇಳಿದರು. ಆದರೆ ಇಲ್ಲದ ದಿನ ಮೆಷಿನ್ನು ತೊಳೆದವರು ಇರುವ ದಿನ ತೊಳೆದಿದ್ದಾರೆಂದು ನಂಬುವುದು ಹೇಗೆ? ತೊಳೆದಿರಲೂಬಹುದು. ಎಲ್ಲ ಸಾಲನ್ನೂ ಒಂದೇ ಸಲ ಕೂತು ತುಂಬಿರಲೂಬಹುದು. ಕಾಗದ ಎರಡಕ್ಕೂ ಒಂದೇ ಥರ ಕಾಣುತ್ತದೆ.

ಯಜಮಾನರು ಉತ್ತರ ಓದಿ ಈ ಸಲ ನಗಲಿಲ್ಲ. “ನೋಡಮ್ಮ, ಜೂನ್‌ನಲ್ಲಿ ಮಾಡಿದ ಡಬ್ಬಿಗಳು ಕೆಳಗೆ ಗೋಡೌನಲ್ಲಿವೆ. ನಾಲ್ಕು ಗಂಟೆಗೆ ಲಾರಿ ಹೊರಡ್ಬೇಕು, ನಿನ್ ಸಹಿ ಒಂದು ಬಾಕಿ. ಈಗ ತಡೆದ್ರೆ ಯಾಕೆ ಅಂತ ಇನ್ಸ್‌ಪೆಕ್ಟ್ರಿಗೆ ಏನ್ ಹೇಳೋಣ? ನಮ್ಮ ಮೇಡಂ ನೋಡ್ದೇನೇ ಸಹಿ ಹಾಕ್ತಾರೆ ಅಂತಲಾ? ನಿನ್ ಲೈಸೆನ್ಸು ಹೋಗುತ್ತೆ. ಮೂರು ವರ್ಷಕ್ಕೆ ರಿಟೈರ್ ಆಗೋಳು, ಸುಮ್ನೆ ಯಾಕೆ ತಲೆ ಮೇಲೆ ಕಲ್ಲು ಹಾಕ್ಕೊತೀಯ? ಉತ್ತರ ಬಂತು, ಫೈಲಿಗೆ ಸೇರಿಸು.”

ಅವರು ಕೆಟ್ಟವರೇನಲ್ಲ. ಅವರ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಅವಳು ತನ್ನ ಮೇಜಿಗೆ ಬಂದು, ಲಾರಿಯ ಚೀಟಿಯನ್ನು ಮುಂದಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದಳು. ಹತ್ತೊಂಬತ್ತು ವರ್ಷದ ಹೆಸರು ಒಂದು ಮಧ್ಯಾಹ್ನಕ್ಕೆ ನೀರುಪಾಲಾಗುವುದೇ? ನಾಳೆ ಲ್ಯಾಬಿಗೆ ಎರಡು ಡಬ್ಬಿ ಕಳಿಸಿದರಾಯಿತು, ಏನೂ ಸಿಗಲಿಕ್ಕಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಡಬ್ಬಿಗಳು ಅಷ್ಟರಲ್ಲಿ ಅಂಗಡಿ ಸೇರಿರುತ್ತವೆ ಎಂಬುದನ್ನು ಮಾತ್ರ ಹೇಳಿಕೊಳ್ಳಲಿಲ್ಲ.

ಆಗ ಮಗಳ ಫೋನು. ಮೊಮ್ಮಗಳಿಗೆ ಮೂರು ವರ್ಷ. ಹೋದ ವರ್ಷ ಯಾರೋ ಕೊಟ್ಟ ಅರ್ಧ ಕಡಲೆಕಾಯಿ ತಿಂದು, ಮುಖ ಊದಿ, ಉಸಿರು ಸಿಕ್ಕಿಕೊಂಡು, ಎರಡು ದಿನ ಆಸ್ಪತ್ರೆಯಲ್ಲಿತ್ತು ಮಗು.

“ಅಮ್ಮಾ, ಮನೇಲಿರೋ ಪೇಸ್ಟು ಮುಗೀತು. ನಿಮ್ಮಲ್ಲಿ ಹೊಸ ಮಾಲು ಬಂದಿದ್ಯಂತಲ್ಲ, ಬರ್ತಾ ಎರಡು ಡಬ್ಬಿ ತರ್ತೀಯಾ? ಅದಿಲ್ದಿದ್ರೆ ನಿನ್ ಮೊಮ್ಮಗಳು ಊಟನೇ ಮಾಡಲ್ಲ.”

“ಬೇಡ,” ಎಂದಳು. ಬಾಯಿ ತಾನಾಗಿಯೇ ಹೇಳಿಬಿಟ್ಟಿತು.

“ಯಾಕಮ್ಮಾ? ಚೆನ್ನಾಗಿಲ್ವಾ? ನೀನೇ ಸಹಿ ಹಾಕಿಲ್ವಾ?”

“ಹಾಕಿದೀನಿ ಕಣೇ. ಅದಕ್ಕೇ ಬೇಡ ಅಂತಿರೋದು.”

ಆ ಕಡೆ ಮಗಳು ಏನೋ ಕೇಳುತ್ತಲೇ ಇದ್ದಳು. ಇವಳು ಫೋನು ಇಟ್ಟು, ಸಹಿ ಹಾಕದ ಚೀಟಿಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದಳು. ಕೆಳಗೆ ಲಾರಿ ಅರ್ಧ ತುಂಬಿತ್ತು.

“ಇಳಿಸಿಬಿಡಿ,” ಎಂದಳು. “ಎಲ್ಲಾನೂ.”

ಗೋಡೌನಿನ ಮೇಸ್ತ್ರಿ ಹಣೆ ಒರೆಸಿಕೊಳ್ಳುತ್ತಾ ರಿಜಿಸ್ಟರು ಬಿಚ್ಚಿದ. “ತಡೆದಿದ್ದು ಅಂತ ಬರ್ಕೊತೀನಿ ಮೇಡಂ. ಕಾರಣ ಅನ್ನೋ ಕಡೆ ಏನ್ ಹಾಕ್ಲಿ? ಕಾರ್ಖಾನೆಯವ್ರ ತಪ್ಪು ಅಂತ ಹಾಕ್ಲಾ?”

“ನನ್ ಹೆಸರು ಹಾಕಪ್ಪ,” ಎಂದಳು.