ಖಾಲಿ ಬಿಡಬೇಕು

ಬಲಗಾಲು ಮಡಚಿತು, ಎಡಗಾಲು ಮಾತ್ರ ಕೇಳಲಿಲ್ಲ. ಶರಣ್ ಬಿಸಿನೀರಲ್ಲಿ ಅದ್ದಿದ ಟವೆಲನ್ನು ಮೊಣಕಾಲಿಗೆ ಸುತ್ತಿ ಹಗುರವಾಗಿ ನೀವತೊಡಗಿದ. ವೀರಭದ್ರಯ್ಯನವರು ತೀರಿಕೊಂಡು ಎರಡು ಗಂಟೆಯಾಗಿತ್ತು. ಲಿಂಗವಂತರ ಪದ್ಧತಿಯಂತೆ ಕೂರಿಸಿಯೇ ಮಣ್ಣು ಮಾಡಬೇಕು. ದೇಹ ಸೆಟೆಯುವ ಮುಂಚೆ ಕಾಲು ಮಡಚಲೇಬೇಕಿತ್ತು.

"ಕೊಲ್ಲಿ ಸರ್ವೆಗೆ ಹೋದಾಗ ಬಂಡೆ ಮೇಲಿಂದ ಜಾರಿದ್ರಲ್ಲ ಅಮ್ಮ, ಅವತ್ತಿಂದ ಈ ಮಂಡಿ ಹೀಗೇನೇ," ಎಂದ ಶರಣ್.

"ಮೆಲ್ಲಗೆ, ನೋವಾಗತ್ತೆ ಅವರಿಗೆ," ಎಂದರು ಹೆಂಡತಿ ವಿಶಾಲಾಕ್ಷಮ್ಮ. ಶರಣ್ ಕೈಯನ್ನು ಇನ್ನಷ್ಟು ಹಗುರ ಮಾಡಿದ.

ಮಕ್ಕಳಿಲ್ಲದ ಮನೆ. ಶರಣ್ ಹದಿನೆಂಟು ವರ್ಷದ ಹಿಂದೆ ನಕ್ಷೆ ಬರೆಯುವುದು ಕಲಿಯಲು ಚಾಮರಾಜಪೇಟೆಯ ಈ ಮನೆಯ ಮೆಟ್ಟಿಲು ಹತ್ತಿದವನು. ಮುಂದೆ ವೀರಭದ್ರಯ್ಯನವರು ಕೆಲಸಕ್ಕಿದ್ದ ನಕ್ಷೆಯ ಸಂಸ್ಥೆಯನ್ನೇ ಕೊಂಡು ಯಜಮಾನನಾದರೂ ಭಾನುವಾರ ಬರುವುದು ತಪ್ಪಿಸಿರಲಿಲ್ಲ. ಮಗ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ಅವನೇ ಹಾಕಲಿ ಎಂದು ವಿಶಾಲಾಕ್ಷಮ್ಮ ಕ್ರಿಯೆ ಮಾಡಿಸಲು ಬಂದ ಅಯ್ಯನವರಿಗೆ ಹೇಳಿಬಿಟ್ಟಿದ್ದರು. ಅದಕ್ಕೇ ಮೈದುನ ಮುಖ ಊದಿಸಿಕೊಂಡು ಜಗುಲಿಯಲ್ಲಿ ಕೂತಿದ್ದ.

"ತರಗುಪೇಟೇಲಿ ಬೆಲ್ಲದ ಮಂಡಿ ಇತ್ತು ನಮ್ಮದು. ಅದನ್ನ ಬಿಟ್ಟು ಸಮುದ್ರ ಅಳೆಯೋಕೆ ಹೋದ ನಮ್ಮಣ್ಣ," ಎಂದ ಪಕ್ಕದ ಮನೆಯ ಅಂಬುಜಮ್ಮನಿಗೆ.

"ಕೊನೆಗೆ ಯಾವುದೋ ಊರೇ ಮುಳುಗಿಹೋಯ್ತಂತಲ್ಲ ಅವರ ಕೈಯಿಂದ?"

"ಹೂಂ. ಏನೋ ಬರೆಯೋದು ಮರೆತಿದ್ನಂತೆ."

ಒಳಗಿದ್ದ ವಿಶಾಲಾಕ್ಷಮ್ಮನಿಗೆ ಅದು ಕೇಳಿಸಿತು. ಸತ್ತ ದಿನವೂ ಬಿಡುವುದಿಲ್ಲವಲ್ಲ ಈ ಮಾತು ಎಂದುಕೊಂಡರು. ಆದರೆ ಮರೆತದ್ದು ಹೌದೆಂದೇ ಅವರೂ ನಂಬಿದ್ದರು.

* * *

ಹನ್ನೊಂದು ವರ್ಷದ ಹಿಂದೆ ಕರಾವಳಿಯ ಆ ಕೊಲ್ಲಿಯ ದಂಡೆಯನ್ನು ವೀರಭದ್ರಯ್ಯ ನೀರು ಇಳಿದ ಹೊತ್ತಿನಲ್ಲಿ ಅಡಿಯಡಿಯಾಗಿ ನಡೆದು ನಕ್ಷೆ ಮಾಡಿದ್ದರು. ಮರಳುದಿಬ್ಬ ಎಲ್ಲಿದೆ, ಕೇದಗೆ ಎಲ್ಲಿ ಬೇರುಬಿಟ್ಟಿದೆ, ಅಲೆಯ ಬಿರುಸು ಯಾವ ಬಂಡೆಗೆ ಮುರಿಯುತ್ತದೆ ಎಂದೆಲ್ಲ ಗುರುತು ಹಾಕಿದ್ದರು. ಕಲ್ಲಿನ ಗೋಡೆ ಬೇಡ, ದಂಡೆಯನ್ನು ಇವೇ ಕಾಯುತ್ತವೆ ಎಂಬುದು ಅವರ ವಾದ. ಮಳೆಗಾಲದಲ್ಲಿ ದಿಬ್ಬ ಹಿಂದೆ ಸರಿಯುತ್ತದೆ, ಬೇಸಿಗೆಯಲ್ಲಿ ಮುಂದೆ ಬರುತ್ತದೆ. ಹಾಗೆ ಸರಿದಾಡಲು ಅದರ ಬೆನ್ನಿಗೆ ಒಂದಿಷ್ಟು ನೆಲ ಬೇಕು.

ಶರಣ್ ಅಚ್ಚಿಗೆ ಸಿದ್ಧಮಾಡಿಕೊಟ್ಟ ವರದಿಯಲ್ಲಿ ಆ ನೆಲದ ಮೇಲೆ ಇದ್ದದ್ದು ಒಂದೇ ಪದ, 'ಖಾಲಿ'. ಖಾಲಿ ಎಂದಮೇಲೆ ಕೇಳಬೇಕೆ? ನಮ್ಮವರ ಕಣ್ಣಿಗೆ ಖಾಲಿ ಎಂದರೆ ಸೈಟು. ರೆಸಾರ್ಟ್ ಬಂತು, ಅದನ್ನು ಕಾಯಲು ಕಲ್ಲಿನ ಗೋಡೆ ಬಂತು. ಎರಡೇ ಮಳೆಗಾಲದಲ್ಲಿ ಗೋಡೆಯ ಪಕ್ಕದ ದಂಡೆ ಕೊಚ್ಚಿಹೋಗಿ ಹದಿನಾಲ್ಕು ಮನೆ ಹೋದವು. "ನಮ್ಮನೆ ಗಂಜಿ ಉಂಡು ಹೀಂಗೆ ಬರದ್ರಲ್ಲ ನೀವು," ಎಂದು ಅಲ್ಲಿನ ಮುದುಕಿಯೊಬ್ಬಳು ತುಂಬಿದ ಸಭೆಯಲ್ಲಿ ಅಂದಳು.

"ಎರಡು ಪದ ಬರೆದ ನೆನಪು ವಿಶಾಲು. ಆದ್ರೆ ಅವತ್ತು ಜ್ವರ ಇತ್ತು ನಂಗೆ," ಎಂದಿದ್ದರು ವೀರಭದ್ರಯ್ಯ ಮನೆಗೆ ಬಂದು. ಮೂಲ ನಕ್ಷೆ ಕೇಳಿದರೆ, ಸ್ಕ್ಯಾನ್ ಮಾಡಿ ರದ್ದಿಗೆ ಹಾಕಿದ್ದಾಯಿತು ಎಂದ ಶರಣ್. "ಬಿಡಿ ಸಾರ್, ಯಾರಿಗಾದ್ರೂ ಆಗತ್ತೆ," ಎಂದು ಕೈಹಿಡಿದು ಸಮಾಧಾನವನ್ನೂ ಮಾಡಿದ್ದ. ಅಲ್ಲಿಂದಾಚೆಗೆ ಅವರು ಒಂದು ಗೆರೆಯನ್ನೂ ಎಳೆದವರಲ್ಲ.

ವಿಶಾಲಾಕ್ಷಮ್ಮನವರೂ ಸುಮ್ಮನಿರಲಿಲ್ಲ. "ಇನ್ನೊಂದು ಪದ ಬರೆಯೋಕೆ ಏನಾಗಿತ್ತು ನಿಮ್ಮ ಕೈಗೆ?" ಎಂದು ಜಗಳ ಬಂದಾಗಲೆಲ್ಲ ಅದನ್ನೇ ಎತ್ತಿ ಆಡಿದ್ದರು.

* * *

ಹನ್ನೊಂದು ಗಂಟೆಗೆ ಪಾರ್ವತಮ್ಮ ಬಂದರು. ಸಂಸ್ಥೆಯ ರೆಕಾರ್ಡ್ ರೂಮಿನಲ್ಲಿ ಮೂವತ್ತು ವರ್ಷ ದುಡಿದು ಕಳೆದ ತಿಂಗಳಷ್ಟೇ ನಿವೃತ್ತರಾದವರು. ಹೂವಿನ ಹಾರದ ಜೊತೆಗೆ ಒಂದು ದೊಡ್ಡ ಚೌಕಟ್ಟನ್ನು ಕಂಕುಳಲ್ಲಿ ಹಿಡಿದಿದ್ದರು. ಕುರ್ಚಿಯಲ್ಲಿ ವಿಭೂತಿ ಧರಿಸಿ ಕೂತಿದ್ದ ವೀರಭದ್ರಯ್ಯನವರ ಪಾದದ ಬಳಿ ಅದನ್ನು ಒರಗಿಸಿದರು.

"ಸಾರ್ ಕೈಯಾರೆ ಬರೆದಿದ್ದಮ್ಮ. ಸ್ಕ್ಯಾನ್ ಆದ್ಮೇಲೆ ಬಿಸಾಕಿ ಅಂದಿದ್ರು ಶರಣ್ ಸಾರ್. ಅಕ್ಷರ ಎಷ್ಟು ಮುದ್ದಾಗಿದೆ ನೋಡಿ, ಬಿಸಾಕೋಕೆ ಮನಸ್ಸು ಬರ್ಲಿಲ್ಲ. ನಿಮಗೇ ಕೊಡೋಣ ಅಂತ ರಿಟೈರ್ ಆದಾಗ್ಲೇ ಫ್ರೇಮ್ ಹಾಕಿಸಿದ್ದೆ."

ವಿಶಾಲಾಕ್ಷಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದರು. ಕೊಲ್ಲಿಯ ಬಾಗು, ದಿಬ್ಬದ ಚುಕ್ಕಿಗಳು, ಕೇದಗೆಯ ಹಸಿರು. ದಿಬ್ಬದ ಹಿಂದೆ ಗುಂಡನೆಯ ಅಕ್ಷರದಲ್ಲಿ 'ಖಾಲಿ ಬಿಡಬೇಕು'. ಅವರು ಎರಡು ಸಲ ಓದಿದರು.

"ಶರಣ್, ಇಲ್ಲಿ ಬಾ. ಇದನ್ನ ಓದು."

ಅವನು ಓದಲಿಲ್ಲ. ಚೌಕಟ್ಟಿನ ಅಂಚಿಗೆ ಸಿಕ್ಕಿದ್ದ ಹೂವಿನೆಸಳನ್ನು ತೆಗೆದ.

"ಇನ್ನೊಂದು ಪದ ಎಲ್ಲಿ ಹೋಯ್ತಪ್ಪ?"

"ಆ ರೆಸಾರ್ಟ್‌ನೋರು ಕೇಳ್ಕೊಂಡ್ರು ಅಮ್ಮ. ಒಂದೇ ಪದ ತೆಗೆದೆ. ಇಷ್ಟೆಲ್ಲ ಆಗತ್ತೆ ಅಂತ ಗೊತ್ತಿರ್ಲಿಲ್ಲ."

"ಆದ್ಮೇಲೆ ಗೊತ್ತಾಯ್ತಲ್ಲ."

"ಸಾರ್ ತಮ್ಮದೇ ತಪ್ಪು ಅಂದ್ಕೊಂಡ್ರು. ನಾನು ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ."

ಆ ಮನೆಗಳು ಹೋದಮೇಲಿನ ಭಾನುವಾರಗಳೆಲ್ಲ ವಿಶಾಲಾಕ್ಷಮ್ಮನ ಕಣ್ಣ ಮುಂದೆ ಬಂದವು. ಇವನಿಗೆ ಎರಡನೇ ಸಲ ಬಡಿಸಿದ್ದು, ಇವನ ಎದುರಿಗೇ ಗಂಡನನ್ನು ಮರೆಗುಳಿ ಎಂದು ಹಂಗಿಸಿದ್ದು, ಇವನು ತಟ್ಟೆಯಿಂದ ತಲೆಯೆತ್ತದೆ ಉಂಡದ್ದು. ನಂಬಿಸಿ ಕತ್ತು ಕೊಯ್ದ. ಕೊಯ್ಯುವಾಗ ಹಿಡಿದುಕೊಂಡವಳು ನಾನೇ ಎನ್ನಿಸಿತು ಅವರಿಗೆ. ಗಂಡನ ಕಡೆ ತಿರುಗಿದರು. ಹೇಳಬೇಕಾದ್ದನ್ನು ಕೇಳಲು ಅವರಿರಲಿಲ್ಲ.

"ಹೊತ್ತಾಯ್ತು," ಎಂದರು ಅಯ್ಯನವರು.

* * *

ಮಾಗಡಿ ರಸ್ತೆಯ ರುದ್ರಭೂಮಿಯಲ್ಲಿ ಮಡಚದ ಕಾಲಿಗೆಂದು ಗುಂಡಿಯನ್ನು ಒಂದು ಗೇಣು ಹೆಚ್ಚು ಅಗಲ ಮಾಡಿದ್ದರು. ಅಂಗೈಯಲ್ಲಿ ಲಿಂಗವಿಟ್ಟು, ಕತ್ತಿನವರೆಗೆ ಬಿಲ್ವಪತ್ರೆ ತುಂಬಿದ ಮೇಲೆ ಅಯ್ಯನವರು ತಲೆಯೆತ್ತಿ, "ಮಗನ ಸ್ಥಾನದವರು ಬನ್ನಿ," ಎಂದರು.

ನಡೆದದ್ದೇನೆಂದು ತಿಳಿಯದ ಜನ ಶರಣ್‌ಗೆ ದಾರಿ ಬಿಟ್ಟರು. ಅವನು ವಿಶಾಲಾಕ್ಷಮ್ಮನ ಮುಖ ನೋಡದೆ, ಬಗ್ಗಿ ಒಂದು ಹಿಡಿ ತೆಗೆದುಕೊಂಡ.

"ನೀನು ಆಗ್ಲೇ ಹಾಕಿದೀಯಲ್ಲಪ್ಪ ಮಣ್ಣು," ಎಂದರು ವಿಶಾಲಾಕ್ಷಮ್ಮ, ಊಟಕ್ಕೆ ಕೂತವನಿಗೆ ಹೇಳುವಷ್ಟೇ ಮೆಲ್ಲಗೆ. "ಸಾಕು."

ಅವರೇ ಸೆರಗು ಸಿಕ್ಕಿಸಿಕೊಂಡು ಮೊದಲ ಹಿಡಿ ಹಾಕಿದರು. ಆಮೇಲೆ ಮೈದುನ ಹಾಕಿದ, ಪಾರ್ವತಮ್ಮ ಹಾಕಿದರು, ಅಂಬುಜಮ್ಮ ಹಾಕಿದರು. ಒಬ್ಬೊಬ್ಬರು ಬಂದಾಗಲೂ ಶರಣ್ ಒಂದೊಂದು ಹೆಜ್ಜೆ ಹಿಂದೆ ಸರಿದ. ಹಾಗೆ ಸರಿಯುತ್ತ ಸರಿಯುತ್ತ ಗೇಟಿನಾಚೆ ನಿಲ್ಲಿಸಿದ್ದ ಕಾರಿನವರೆಗೂ ಹೋದ. ಬೀಗದ ಕೈ ಬಲಜೇಬಿನಲ್ಲಿತ್ತು. ಮಣ್ಣಿದ್ದ ಬಲಗೈಯ ಮುಷ್ಟಿ ಬಿಚ್ಚದೆ, ಎಡಗೈಯನ್ನು ಹೊಟ್ಟೆಯ ಮೇಲಿಂದ ತಿರುಚಿ ಅವನು ಆ ಜೇಬನ್ನು ತಡಕುತ್ತಲೇ ಇದ್ದ.