ಲಕ್ಕಮ್ಮನ ಇದ್ದಿಲು

ಅಮ್ಮನನ್ನು ಗುಂಡಿಗೆ ಇಳಿಸಲು ಎತ್ತುತ್ತಿದ್ದವರನ್ನು ಸಿಂಚನ ತಡೆದಳು. ಹಾರ ಹಿಡಿದು ಹಿಂದೆ ನಿಂತಿದ್ದ ಮನೋಹರ್‌ನನ್ನು ತೋರಿಸಿ, ಆ ಸಾರ್ ನಿಜ ಹೇಳುವವರೆಗೆ ಯಾರೂ ಮಣ್ಣು ಹಾಕಕೂಡದು ಎಂದಳು.

ಸೋದರಮಾವ ಅಪ್ಪಯ್ಯಣ್ಣನಿಗೆ ಮುಜುಗರವಾಯಿತು. "ಬಿಡವ್ವಾ, ಹೊತ್ತು ಮೀರ್ತಾ ಐತೆ. ಸತ್ತ ಮೇಲೆ ಯಾವ ನ್ಯಾಯ?"

"ಬದುಕಿದ್ದಾಗ ನೀವ್ಯಾರೂ ಕೇಳ್ಲಿಲ್ವಲ್ಲ ಮಾವ."

ಮನೋಹರ್ ದಾಬಸ್‌ಪೇಟೆಯ ಇದ್ದಿಲು ಕಾರ್ಖಾನೆಯ ಮೇಲಧಿಕಾರಿ. ಸಿಂಚನಳ ಅಮ್ಮ ಲಕ್ಕಮ್ಮ ಅಲ್ಲಿ ಒಂಬತ್ತು ವರ್ಷ ದುಡಿದು, ಇದ್ದಿಲು ಕದ್ದಳೆಂಬ ಹೆಸರು ಹೊತ್ತು ಹೊರಬಿದ್ದಿದ್ದಳು. ಶಾಲೆಯಲ್ಲಿ ಸಿಂಚನಳನ್ನು ಕಳ್ಳಿ ಮಗಳು ಎಂದೇ ಕರೆಯುತ್ತಿದ್ದರು.

*

ತೆಂಗಿನ ಚಿಪ್ಪು ಸುಟ್ಟ ಇದ್ದಿಲನ್ನು ಮತ್ತೆ ಹಬೆಯಲ್ಲಿ ಕಾಯಿಸಿದರೆ ಅದರ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಏಳುತ್ತವೆ. ಅದನ್ನು ತುಂಬಿದ ಸಿಲಿಂಡರಿನಲ್ಲಿ ಕಡಿಮೆ ಒತ್ತಡದಲ್ಲೇ ಹೆಚ್ಚು ಗ್ಯಾಸ್ ಕೂರುತ್ತದೆ. ಮುಂದೆ ಆಟೋಗಳೆಲ್ಲ ಅದರಲ್ಲೇ ಓಡಬೇಕೆಂಬುದು ಕಾರ್ಖಾನೆಯವರ ಆಸೆ. ಕಾವು ಮೀರಿದರೆ ಮಾತ್ರ ತೂತಿನ ಗೋಡೆಗಳೇ ಸುಟ್ಟು ಬೂದಿ. ಆ ಕಾವು ಕಾಯುವ ಕೆಲಸ ಲಕ್ಕಮ್ಮನದು.

ದುಡ್ಡು ಹಾಕುವವರು ನೋಡಲು ಬರುವ ಹಿಂದಿನ ದಿನ, ಅವಳು ರಜೆಯಲ್ಲಿದ್ದಾಗ, ಕಾವು ಮೀರಿ ಒಂದು ಒಲೆಯ ಮಾಲು ಕೆಟ್ಟಿತು. ಮರುದಿನ ಬೆಳಿಗ್ಗೆ ಆ ಮಾಲಿನ ಚೀಲಗಳಿಗೆ ಪಾಸಾದ ಮಾಲಿನ ಚೀಟಿ ಅಂಟಿಸಲು ಮನೋಹರ್ ಅವಳಿಗೆ ಹೇಳಿದ. ಲಕ್ಕಮ್ಮ ಚೀಟಿಗಳನ್ನು ಅವನ ಮೇಜಿನ ಮೇಲಿಟ್ಟಳು.

"ನನ್ ಕೈಲಿ ಆಗಲ್ಲ ಸಾರ್. ಇದು ಗ್ಯಾಸ್ ಹಿಡಿಯಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು."

ಬಂದವರು ಕೇಳಿದಾಗಲೂ ಅದನ್ನೇ ಹೇಳಿದಳು. ಮೂರನೇ ದಿನ ಅವಳ ಊಟದ ಚೀಲದಲ್ಲಿ ಇದ್ದಿಲು ಸಿಕ್ಕಿತು. ತಪ್ಪು ಒಪ್ಪಿಕೊಂಡರೆ ಕೆಲಸ ಉಳಿಯುತ್ತದೆ ಎಂದರು. ಅವಳು ತಪ್ಪೊಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ. ಮರುವಾರವೇ ಕಾರ್ಖಾನೆಯ ಗೇಟಿನೆದುರು ಇಡ್ಲಿ ಗಾಡಿ ಇಟ್ಟಳು. ಹನ್ನೊಂದು ವರ್ಷ ಮನೋಹರ್‌ನ ಕಾರು ದಿನಾ ಅವಳ ಕಣ್ಣ ಮುಂದೆಯೇ ಒಳಗೆ ಹೋಗಬೇಕಾಯಿತು.

*

ಕಾರ್ಖಾನೆಯ ಹೆಂಗಸರು ಗುಂಡಿಯಾಚೆಯ ಬೇವಿನ ಮರದಡಿ ನಿಂತು ನೋಡುತ್ತಿದ್ದರು. ಆಮೇಲೆ ಮಾತಾಡೋಣ ಎಂದು ಮನೋಹರ್ ಮೆಲ್ಲಗೆ ಹೇಳಿದ. ಸಿಂಚನ ಜಾಗ ಬಿಡಲಿಲ್ಲ.

"ಇಲ್ಲೇ ಹೇಳಿ ಸಾರ್. ಅಮ್ಮ ಇನ್ನೂ ಮೇಲಿರೋವಾಗ್ಲೇ ಹೇಳಿ."

ಅವನು ಹಾರ ಕೆಳಗಿಟ್ಟ.

"ಲಕ್ಕಮ್ಮ ಕದ್ದಿರ್ಲಿಲ್ಲ. ಅವಳ ಚೀಲಕ್ಕೆ ಇದ್ದಿಲು ಹಾಕ್ಸಿದ್ದು ನಾನು."

ಅಪ್ಪಯ್ಯಣ್ಣ ಟವೆಲಿನಿಂದ ಮುಖ ಮುಚ್ಚಿಕೊಂಡ. ಸಿಂಚನ ಪಕ್ಕಕ್ಕೆ ಸರಿದಳು. ಅಮ್ಮನನ್ನು ಇಳಿಸಿದರು. ಮನೋಹರ್ ಒಂದು ಹಿಡಿ ಮಣ್ಣು ತೆಗೆದುಕೊಂಡು ಮುಂದೆ ಬಂದಾಗ ಅವಳು ಕೈ ಅಡ್ಡ ಹಿಡಿದು, ಬೇವಿನ ಮರದ ಕಡೆ ನೋಡಿ, ನೀವು ಮೊದಲು ಬನ್ನಿ ಎಂದಳು.

ಹೆಂಗಸರು ಒಬ್ಬೊಬ್ಬರಾಗಿ ಬಂದು ಮಣ್ಣು ಹಾಕತೊಡಗಿದರು. ಸಾಲಿನ ಕೊನೆಯಲ್ಲಿ ಮನೋಹರ್ ಮುಷ್ಟಿ ಬಿಗಿಹಿಡಿದು ಕಾಯುತ್ತಿದ್ದ. ಬೆರಳ ಸಂದಿಯಿಂದ ಮಣ್ಣು ಸೋರಿ ಅವನ ಬೂಟಿನ ಮೇಲೆ ಬೀಳುತ್ತಿತ್ತು.