ನಿನ್ನೆಯ ಓದುಗರು

ಪರದೆ ಮತ್ತೆ ಬೆಳ್ಳಗಾಯಿತು. ಬೆಳಗಿನಿಂದ ಇದು ಆರನೆಯ ಸಲ. ಬ್ಲಾಗಿನ ಹೆಸರಿಲ್ಲ, ಚಿತ್ರವಿಲ್ಲ, ಒಂದಕ್ಷರವೂ ಇಲ್ಲ. ಸುಣ್ಣ ಬಳಿದ ಗೋಡೆಯಂತೆ ಖಾಲಿ. ತಮ್ಮನಿಗೆ ಲ್ಯಾಪ್‌ಟಾಪನ್ನು ಎತ್ತಿ ರಸ್ತೆಗೆ ಎಸೆಯುವಷ್ಟು ಸಿಟ್ಟು ಬಂತು. ಅಕ್ಕನ ಅಂಗಡಿಯಲ್ಲಿ ಗಿರಾಕಿಗಳಿಗೆಂದು ಇಟ್ಟಿದ್ದ ಸ್ಟೂಲಿನ ಒಂದು ಕಾಲು ಗಿಡ್ಡ. ಅದರ ಮೇಲೆ ಕೂತು ಸಿಟ್ಟು ಮಾಡಿಕೊಳ್ಳಲು ಹೋದರೆ ಮೊದಲು ಬೀಳುವವನು ತಾನೇ ಎಂದು ಸುಮ್ಮನಾದ.

"ಸಿಕ್ಕಿದ್ರಾ?" ಎಂದಳು ಅಕ್ಕ, ಮೇಜಿನ ಆಚೆಯಿಂದ. ಅವಳ ಮುಂದೆ ದೊಡ್ಡದೊಂದು ಸೂಟ್‌ಕೇಸು ಬಾಯಿ ತೆರೆದು ಮಲಗಿತ್ತು.

"ಯಾರು?"

"ಇನ್ಯಾರು, ಆ ನೂರಾ ಎಂಟು ಜನ."

ಅವನು ಮತ್ತೆ ಕೀಲಿಗಳನ್ನು ಕುಟ್ಟತೊಡಗಿದ.

ಅಕ್ಕನದು ಬ್ಯಾಗು ರಿಪೇರಿಯ ಅಂಗಡಿ. ಜಿಪ್ಪು ಬದಲಾಯಿಸುವುದು, ಅದನ್ನು ಎಳೆಯುವ ರನ್ನರ್ ಹಾಕುವುದು, ಕಿತ್ತುಹೋದ ಹಿಡಿಯನ್ನು ಹೊಲಿಯುವುದು. ವಾರಕ್ಕೊಮ್ಮೆ, ರಿಪೇರಿಗೆ ಬಂದ ಯಾವುದಾದರೂ ಒಂದು ಬ್ಯಾಗಿನ ಬಗ್ಗೆ ಬ್ಲಾಗಿನಲ್ಲಿ ಬರೆಯುತ್ತಿದ್ದಳು. ಅದು ಎಲ್ಲಿ ಸವೆದಿದೆ, ಯಾವ ಜೇಬಿಗೆ ಹೆಚ್ಚು ಕೆಲಸ, ಹೊತ್ತವರು ಎಡಗೈಯವರೋ ಬಲಗೈಯವರೋ, ಹೀಗೆ. ಬ್ಲಾಗು ಕಟ್ಟಿಕೊಟ್ಟವನು ತಮ್ಮ. ಸಣ್ಣಪುಟ್ಟ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ಅವನ ಕಸುಬು. ಅಕ್ಕನ ಬ್ಲಾಗಿಗೆ ಅವನು ಹಾಕದ ಪ್ಲಗಿನ್, ಅಂದರೆ ಹೊರಗಿನಿಂದ ಜೋಡಿಸುವ ಪುಟ್ಟ ತಂತ್ರಾಂಶ, ಇರಲಿಲ್ಲ. ಚಿತ್ರಕ್ಕೆ ನೆರಳು ಕೊಡಲು ಒಂದು, ಹಳೆಯ ಬರಹಗಳನ್ನು ನೆನಪಿಸಲು ಒಂದು, ಮೊದಲ ಅಕ್ಷರವನ್ನು ಊದಿಸಲು ಇನ್ನೊಂದು. ಅದರ ಬಣ್ಣ, ಇದರ ಅಂಚು ಎಂದು ದಿನಕ್ಕೊಂದು ತಿದ್ದುಪಡಿ ಬೇರೆ. ಬಿಡುವಿದ್ದಾಗಲೆಲ್ಲ ಅವನ ಕೈ ಅಲ್ಲಿಗೇ ಹೋಗುತ್ತಿತ್ತು.

ಎಡವಟ್ಟಾದದ್ದು 'ನಿನ್ನೆಯ ಓದುಗರು' ಎಂಬ ಪ್ಲಗಿನ್‌ನಲ್ಲಿ. ನಿನ್ನೆ ಎಷ್ಟು ಜನ ಬಂದು ಹೋದರೆಂಬುದನ್ನು ಅದು ಪುಟದ ಮೂಲೆಯಲ್ಲಿ ತೋರಿಸುತ್ತಿತ್ತು. ಎರಡು ವರ್ಷದ ಹಿಂದೆ, ಹೊಸದರಲ್ಲಿ, ಅದು ತೋರಿಸಿದ್ದು ಎರಡು, ನಾಲ್ಕು, ಮೂರು. ಒಂದು ತಿಂಗಳು ನೋಡಿ ಅಕ್ಕ ಮೂಗು ಮುರಿದಳು. "ನಾಲ್ಕು ಜನಕ್ಕೆ ಯಾಕೋ ಇಷ್ಟೆಲ್ಲ ಒದ್ದಾಟ? ಆ ಹೊತ್ತಲ್ಲಿ ಎರಡು ರನ್ನರ್ ಹಾಕಬಹುದು." ಗಂಡನ ಮನೆಯಿಂದ ಬಂದ ಮೇಲೆ ಅವಳು ಮಾತನ್ನೇ ಮರೆತಂತಿದ್ದಳು. ಬರೆದ ಆ ಒಂದು ತಿಂಗಳಲ್ಲಿ ಊಟಕ್ಕೆ ಕೂತಾಗ ಒಂದೆರಡು ಮಾತು ಹೊರಡುತ್ತಿತ್ತು. ಅದೂ ನಿಂತುಹೋಗುವುದು ಅವನಿಗೆ ಸುತರಾಂ ಬೇಕಿರಲಿಲ್ಲ. ಅಂದೇ ಪ್ಲಗಿನ್‌ನೊಳಗೆ ಕೈಹಾಕಿ ಒಂದು ಸಾಲು ಬರೆದ: ಬಂದ ಸಂಖ್ಯೆಯನ್ನು ಮೂವತ್ತೇಳರಿಂದ ಗುಣಿಸು. ಮರುದಿನದಿಂದ ಅಕ್ಕನಿಗೆ ನೂರು ಜನ ಓದುಗರು. ಅಲ್ಲಿಂದೀಚೆಗೆ ಅವಳು ಒಂದು ವಾರವೂ ತಪ್ಪಿಸಿರಲಿಲ್ಲ.

ಪ್ಲಗಿನ್‌ನ ಮೂಲ ಫೈಲಿಗೆ ಕೈ ಹಾಕಬಾರದು, ಅಪ್‌ಡೇಟ್ ಬಂದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ ಎಂದು ತನ್ನ ಗಿರಾಕಿಗಳಿಗೆ ಪಾಠ ಹೇಳುವವನು ಅವನೇ. ಅಕ್ಕನ ವಿಷಯದಲ್ಲಿ ಮಾತ್ರ ಆ ಪಾಠವನ್ನು ಗಾಳಿಗೆ ತೂರಿದ್ದ. ನಿನ್ನೆ ಅಪ್‌ಡೇಟ್ ತಾನಾಗಿಯೇ ಬಂದು ಕೂತಿತ್ತು. ಇವತ್ತು ಬೆಳಿಗ್ಗೆ ಅಕ್ಕ ಫೋನ್ ಮಾಡಿ, "ಮೊನ್ನೆ ನೂರಾ ಹನ್ನೊಂದು ಜನ ಇದ್ರು, ನಿನ್ನೆ ಬರೀ ಮೂರು. ಬಾ ಇಲ್ಲಿ" ಎಂದಿದ್ದಳು.

"ನನಗೆ ಗೊತ್ತು ಅವರೆಲ್ಲ ಯಾಕೆ ಹೋದ್ರು ಅಂತ," ಎಂದಳು ಈಗ, ಸೂಟ್‌ಕೇಸಿನ ಜಿಪ್ಪಿನ ಹಲ್ಲುಗಳನ್ನು ಬೆರಳಿನಿಂದ ಸವರುತ್ತಾ. "ಹೋದ ವಾರ ಹಾಕಿದ್ನಲ್ಲ, ಅದಕ್ಕೇ. ಕಂಡೋರ ಬ್ಯಾಗಿನ ವಿಷಯ ಓದೋಕೆ ಬರ್ತಿದ್ದೋರು ಅವರು. ನನ್ನ ಬ್ಯಾಗು, ನನ್ನ ಗೋಳು ಅವರಿಗೆ ಯಾಕೆ?"

"ಅದೆಲ್ಲ ಏನಿಲ್ಲ ಅಕ್ಕಾ. ಪ್ಲಗಿನ್ ಕೆಟ್ಟಿದೆ ಅಷ್ಟೇ."

"ಎರಡು ವರ್ಷ ಕೆಡದೇ ಇದ್ದಿದ್ದು, ಸರಿಯಾಗಿ ನಾನು ನನ್ನ ವಿಷಯ ಬರೆದಾಗಲೇ ಕೆಡಬೇಕಾ?" ಮೇಜಿನ ಖಾನೆ ಎಳೆದು ಒಂದು ರಸೀದಿ ಚೀಟಿ ತೆಗೆದಳು. ಅದರ ಹಿಂಭಾಗದಲ್ಲಿ ಒತ್ತೊತ್ತಾಗಿ ಬರೆದಿತ್ತು. "ಅದನ್ನ ತೆಗೆದು ಇದನ್ನ ಹಾಕು."

ಅವನು ಓದಿದ. 'ಓದುಗರೇ, ನಿಮ್ಮ ಹೊತ್ತು ಹಾಳು ಮಾಡಿದ್ದಕ್ಕೆ ಕ್ಷಮಿಸಿ. ಇನ್ನು ಮೇಲೆ ನನ್ನ ಸ್ವಂತದ ವಿಷಯ ಬರೆಯುವುದಿಲ್ಲ.' ಎರಡು ಕಡೆ ಹೊಡೆದುಹಾಕಿ ತಿದ್ದಿದ್ದಳು. ಇಲ್ಲದ ನೂರೆಂಟು ಜನರ ಮುಂದೆ ಅಕ್ಕ ಕೈಕಟ್ಟಿ ನಿಂತಿದ್ದಳು. ಹೇಗಾದರೂ ಆ ಹಾಳು ಸಂಖ್ಯೆ ವಾಪಸು ಬಂದರೆ ಸಾಕು, ಎಲ್ಲ ಸರಿಹೋಗುತ್ತದೆ.

"ಹತ್ತು ನಿಮಿಷ ಕೊಡು," ಎಂದ.

ಹೊಸ ಪ್ಲಗಿನ್ ಬರೆದವನು ಒಳಗೆ ಎಲ್ಲವನ್ನೂ ಅಡಿಮೇಲು ಮಾಡಿದ್ದ. ಹಿಂದೆ ಒಂದೇ ಕಡೆ ಇದ್ದ ಎಣಿಕೆ ಈಗ ಮೂರು ಫೈಲುಗಳಲ್ಲಿ ಹಂಚಿಹೋಗಿತ್ತು. ಒಂದರಲ್ಲಿ ಸಾಲು ಸೇರಿಸಿದರೆ ಜಪ್ಪಯ್ಯ ಅಂದರೂ ಸಂಖ್ಯೆ ಅಲುಗದು, ಇನ್ನೊಂದರಲ್ಲಿ ಸೇರಿಸಿದರೆ ಪುಟವೇ ಮಾಯ. ಅವನು ತಿದ್ದುವ ಮೊದಲಿನ ಫೈಲನ್ನು ಮತ್ತೆ ಏರಿಸಿ, ಮೊದಲಿನಿಂದ ಶುರು ಮಾಡಿ, ತನಗೆ ತಾನೇ ಬೈದುಕೊಂಡ. ಕೊನೆಗೆ ನೋಡಿದರೆ ಒಂದು ಆವರಣ ಚಿಹ್ನೆ ಮುಚ್ಚದೆ ಬಿಟ್ಟಿದ್ದ. ಅಷ್ಟಕ್ಕೆ ಇಡೀ ಬೆಳಗು ಹೋಗಿತ್ತು. ಮುಚ್ಚಿ ಗುಂಡಿ ಒತ್ತಿದ. ಪುಟ ಬಂತು. ಮೂಲೆಯಲ್ಲಿ ನೂರಾ ಹನ್ನೊಂದು.

"ಬಂತು ನೋಡು," ಎಂದು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. "ನಾನು ಹೇಳಲಿಲ್ವಾ? ಎಲ್ಲೂ ಹೋಗಿಲ್ಲ ಅವರು."

ಅಕ್ಕ ಕನ್ನಡಕ ಏರಿಸಿಕೊಂಡು ಬಗ್ಗಿದಳು. ಮುಖ ಅರಳಿತು. ಹಾಗೇ ನೋಡುತ್ತಾ ನಿಂತವಳ ಹುಬ್ಬು ಸ್ವಲ್ಪ ಗಂಟಾಯಿತು. ಇನ್ನೂರು ಹಲ್ಲಿನ ಜಿಪ್ಪಿನಲ್ಲಿ ಇಲ್ಲದ ಒಂದು ಹಲ್ಲನ್ನು ಹುಡುಕುವ ಕಣ್ಣು ಅವಳದು.

"ಮೇಲೆ ನೂರಾ ಹನ್ನೊಂದು ಅಂತಿದೆ. ಕೆಳಗೆ ಮೂರೇ ಸಾಲು ಇದೆಯಲ್ಲ."

ಅವನು ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ. ಸಂಖ್ಯೆಯ ಕೆಳಗೆ, ಹೊಸ ಅಪ್‌ಡೇಟಿನ ಉಡುಗೊರೆಯಾಗಿ, ಪುಟ್ಟದೊಂದು ಪಟ್ಟಿ ಬಂದಿತ್ತು, ಹಿಂದಿನ ದಿನಗಳದ್ದೂ ಸೇರಿ: ಬಂದವರು ಎಷ್ಟು ಹೊತ್ತಿಗೆ ಬಂದರು, ಫೋನೋ ಕಂಪ್ಯೂಟರೋ, ಎಷ್ಟು ಹೊತ್ತು ಓದಿದರು. ಗುಣಿಸಿದ್ದು ಸಂಖ್ಯೆಯನ್ನು ಮಾತ್ರ. ಮೂರು ಸಾಲುಗಳು ಮೂರಾಗಿಯೇ ಉಳಿದಿದ್ದವು.

"ಅದು ಬರೀ ಮಾದರಿಗೆ..." ಎಂದು ಶುರು ಮಾಡಿದ. ಕಣ್ಣು ರಸೀದಿ ಚೀಟಿಯ ಮೇಲೆ ಬಿತ್ತು. ಗುಣಾಕಾರದ ಸಂಗತಿಯನ್ನೆಲ್ಲ ಹೇಳಿಬಿಟ್ಟ.

ಅಕ್ಕ ಪೂರ್ತಿ ಕೇಳಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಾಯೆನಿಸುತ್ತಿತ್ತು.

"ಮೂವತ್ತೇಳು ಯಾಕೆ?"

"ನಲವತ್ತು ಹಾಕಿದ್ರೆ ಯಾವಾಗಲೂ ಕೊನೇಲಿ ಸೊನ್ನೆ ಬರ್ತಿತ್ತು. ನಿನಗೆ ಅನುಮಾನ ಬರ್ತಿತ್ತು."

"ಭಾರೀ ಬುದ್ಧಿವಂತ." ಅವಳು ಕನ್ನಡಕ ತೆಗೆದು ಏಪ್ರನ್ನಿನ ಅಂಚಿನಿಂದ ಒರೆಸಿದಳು. "ಅದಕ್ಕೇ ಎಪ್ಪತ್ನಾಲ್ಕು, ಇಲ್ಲಾಂದ್ರೆ ನೂರಾ ಹನ್ನೊಂದು, ಇಲ್ಲಾಂದ್ರೆ ನೂರಾ ನಲವತ್ತೆಂಟು. ಒಬ್ಬರು ಹೆಚ್ಚಿಲ್ಲ, ಒಬ್ಬರು ಕಡಿಮೆ ಇಲ್ಲ. ಎಂಥ ಶಿಸ್ತಿನ ಜನ ಅಂದ್ಕೊಂಡಿದ್ದೆ." ನಗು ಬರುತ್ತದೇನೋ ಎಂದು ಅವನು ಕಾದ. ಬರಲಿಲ್ಲ. "ಎರಡು ವರ್ಷ ನನ್ನ ಮಂಗ ಮಾಡಿದೆ ಅನ್ನು."

"ನೀನು ಬರೀಲಿ ಅಂತ ಅಕ್ಕಾ."

ಅವಳು ಲ್ಯಾಪ್‌ಟಾಪನ್ನು ಮತ್ತೆ ತನ್ನತ್ತ ಎಳೆದುಕೊಂಡು ಮೊದಲ ಸಾಲಿನ ಮೇಲೆ ಬೆರಳಿಟ್ಟಳು. "ಬೆಳಿಗ್ಗೆ ಒಂಬತ್ತಕ್ಕೆ, ಫೋನಲ್ಲಿ, ನಾಲ್ಕು ನಿಮಿಷ. ಇದು ನಾನು. ಅಂಗಡಿ ತೆಗೆದ ತಕ್ಷಣ ನೋಡ್ತೀನಿ." ಬೆರಳು ಕೆಳಗಿಳಿಯಿತು. "ಇಪ್ಪತ್ತೆರಡು ನಿಮಿಷ. ಇಷ್ಟು ಹೊತ್ತು ಯಾರು ಕೂತು ಓದಿದ್ದು?" ತಲೆಯೆತ್ತಿದಳು. ದನಿ ಮೆತ್ತಗಾಗಿತ್ತು. "ನೀನಾ?"

ಹೌದು ಎಂದರೆ ಮುಗಿಯುತ್ತಿತ್ತು. ಒಂದೇ ಮಾತು; ಅದಕ್ಕೆ ಕೋಡ್ ಬರೆಯುವುದೂ ಬೇಕಿರಲಿಲ್ಲ.

"ಅಲ್ಲ," ಎಂದ. "ಅದು ಯಾರೋ ಗೊತ್ತಿಲ್ಲ."

ಅವಳು ಮೂರನೆಯ ಸಾಲು ನೋಡಿದಳು. ಮಧ್ಯಾಹ್ನ ಒಂದೂ ಹತ್ತು, ಕಂಪ್ಯೂಟರ್, ಆರು ಸೆಕೆಂಡು. ಮೊನ್ನೆಯ ಪಟ್ಟಿಗೆ ಹೋದಳು. ಅಲ್ಲೂ ಅದೇ ಕಂಪ್ಯೂಟರ್, ಐದು ಸೆಕೆಂಡು. ಅದರ ಹಿಂದಿನ ದಿನ, ಆರು.

ಊಟದ ಬಿಡುವಿನಲ್ಲಿ ಅವನು ದಿನಾ ಬ್ಲಾಗು ತೆರೆಯುತ್ತಿದ್ದ. ಸಂಖ್ಯೆ ಸರಿಯಾಗಿ ಬಂದಿದೆಯೇ, ಚಿತ್ರದ ನೆರಳು ಓರೆಯಾಗಿಲ್ಲವೇ ಎಂದು ನೋಡಿ ಮುಚ್ಚುತ್ತಿದ್ದ.

"ಓಹೋ," ಎಂದಳು ಅಕ್ಕ. ಲ್ಯಾಪ್‌ಟಾಪನ್ನು ಅವನ ತೊಡೆಯ ಮೇಲಿಟ್ಟು, ಸೂಟ್‌ಕೇಸಿಗೆ ವಾಪಸಾದಳು. "ಸ್ವಲ್ಪ ಆ ಕಡೆ ಸರಿದು ಕೂತ್ಕೋ. ಗಿರಾಕಿ ಬಂದ್ರೆ ದಾರಿ ಬೇಕು."

ಅವನು ಸರಿದು ಕೂತ. ಪ್ಲಗಿನ್ ತೆರೆದು, ಬೆಳಗೆಲ್ಲ ಹೆಣಗಿ ಸೇರಿಸಿದ ಸಾಲನ್ನು ಅಳಿಸಿದ. ಮೂಲೆಯಲ್ಲಿ ಮೂರು ಬಂದು ನಿಂತಿತು. ಆಮೇಲೆ ಹೋದ ವಾರದ ಬರಹವನ್ನು ತೆಗೆದ. ಚಿತ್ರದಲ್ಲಿ ಕಂದು ಬಣ್ಣದ ಹಳೆಯ ಬ್ಯಾಗು. ನೆರಳು ಸರಿಯಾಗಿಯೇ ಇತ್ತು. ಓದಿದ.

'ಆ ಮನೆಯಿಂದ ಹೊರಟ ದಿನ ಸಿಕ್ಕಿದ್ದನ್ನೆಲ್ಲ ಇದರಲ್ಲಿ ತುರುಕಿದ್ದೆ. ಬಸ್ಸು ಹತ್ತುವಾಗ ಜಿಪ್ಪು ಹರಿಯಿತು. ಕರೆದೊಯ್ಯಲು ಬಂದಿದ್ದ ನನ್ನ ತಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು, ಒಳಗಿನದು ನಾಲ್ಕು ಜನಕ್ಕೆ ಕಾಣದ ಹಾಗೆ ಎರಡೂ ಕೈಯಿಂದ ಅದರ ಬಾಯಿ ಒತ್ತಿ ಹಿಡಿದ. ಐದು ಗಂಟೆಯ ದಾರಿ. ಒಮ್ಮೆಯೂ ಕೈ ತೆಗೆಯಲಿಲ್ಲ, ಏನಾಯಿತೆಂದು ಕೇಳಲೂ ಇಲ್ಲ. ಆ ಜಿಪ್ಪನ್ನು ಸರಿಮಾಡಲು ಹೋಗಿಯೇ ನಾನು ಈ ಕಸುಬು ಕಲಿತದ್ದು. ಅದನ್ನು ಮಾತ್ರ ಇನ್ನೂ ಸರಿಮಾಡಿಲ್ಲ.'

ಮುಂದೆ ಇನ್ನೂ ತುಂಬ ಇತ್ತು. ಅವನು ತಲೆಯೆತ್ತಿದ. ಮೇಲಿನ ಹಲಗೆಯಲ್ಲಿ, ಗಿರಾಕಿಗಳ ಬ್ಯಾಗುಗಳ ಹಿಂದೆ, ಕಂದು ಬಣ್ಣದ್ದೊಂದು ಮೂಲೆ ಕಾಣುತ್ತಿತ್ತು. ಈ ಅಂಗಡಿಗೆ ಅದೆಷ್ಟು ಸಲ ಬಂದಿದ್ದನೋ, ಒಮ್ಮೆಯೂ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಅಕ್ಕ ಬೆನ್ನು ಮಾಡಿ ನಿಂತು ಹೊಸ ರನ್ನರನ್ನು ಜಿಪ್ಪಿಗೆ ಏರಿಸುತ್ತಿದ್ದಳು. ಅದು ಎರಡು ಸಲ ಸಿಕ್ಕಿಕೊಂಡಿತು, ಮೂರನೆಯ ಸಲ ಸರಾಗವಾಗಿ ಓಡಿತು.

"ಮುಗೀತಾ?" ಎಂದಳು, ತಿರುಗದೆ.

"ಇನ್ನೂ ಇಲ್ಲ," ಎಂದ ಅವನು. ಕೈಗಳೆರಡನ್ನೂ ಕೀಲಿಗಳಿಂದ ತೆಗೆದು, ಮತ್ತೆ ಮೊದಲ ಸಾಲಿನಿಂದ ಓದತೊಡಗಿದ.